ದೊಡ್ಡ ಜೋಡಿಯಲ್ಲಿ ಕೇಳಿದ್ದು

ಗಾಳೇಶ,

ಈಗ ಸಂಜೆಯೆಲ್ಲ ನಾನೊಬ್ಬನೇ ಟಿವಿ ಮುಂದೆ ಕೂಡುತ್ತೇನೆ. ಅದರ ಮಾತು ಸರಿಯಾಗಿ ಕೇಳಿಸುವುದಿಲ್ಲವೆಂದು ಇವತ್ತು ಸ್ಪೀಕರ್, ಅದಕ್ಕೆ ದನಿ ಕೊಡುವ ರಿಸೀವರ್ ನೋಡಲು ಕೊಪ್ಪಳದ ಅಂಗಡಿಗೆ ಹೋಗಿದ್ದೆ. ಅಂಗಡಿಯ ಪ್ರಭುರಾಜ ರಿಸೀವರಿಗೆ ವೈರು ಸಿಕ್ಕಿಸುತ್ತ, "ನಿಮಗ ಛಲೋ ಗೊತ್ತಿರೋ ಹಾಡು ಹಾಕ್ರಿ ಸರ, ಫರಕ ತಿಳಿತೈತಿ" ಅಂದ.

ನನ್ನ ಫೋನಿನಲ್ಲಿದ್ದದ್ದು ಬೇವೂರಿನ ನಿನ್ನ ಹೊಸ ಮನೆಯ ಗೃಹಪ್ರವೇಶದ ಭಜನೆಯ ರೆಕಾರ್ಡಿಂಗ್, ಆಮೇಲೆ ಯಾರೋ ಕಳಿಸಿದ್ದು. ಆವತ್ತು ಬಸ್ಸು ಕೆಟ್ಟು ನಾನು ತಡವಾಗಿ ಬಂದಾಗ ನೀನು ಹಾಡುತ್ತಿದ್ದೆ. ನಾನು ಕೂಡುವ ಜಾಗದಲ್ಲಿ ಬೇರೊಬ್ಬ ತಬಲಾ ಬಾರಿಸುತ್ತಿದ್ದ. ಬಾಗಿಲಿಂದಲೇ ತಿರುಗಿಬಿಟ್ಟೆ. ಆರು ವರ್ಷ ನಿನ್ನ ಜೊತೆ ಮಾತಾಡಲಿಲ್ಲ. ಹೋದ ವರ್ಷ ನೀನು ತೀರಿಕೊಂಡಾಗ ಮಣ್ಣಿಗೂ ಬರಲಿಲ್ಲ.

ಸಣ್ಣ ಸ್ಪೀಕರಿನಲ್ಲಿ ಬರೀ ಹಾಡು ಕೇಳಿಸಿತು. ದೊಡ್ಡ ಸ್ಪೀಕರ್ ಜೋಡಿಗೆ ಹಚ್ಚಿದಾಗ, ಹಾಡಿಗಿಂತ ಮೊದಲು, ಮಂದಿಯ ಗದ್ದಲದೊಳಗೆ ನಿನ್ನ ದನಿ ಕೇಳಿತು: "ತಡೀರಿ, ರುದ್ರೇಶ ಬರ್ತಾನ. ಅವ ಇಲ್ಲದ ನಾ ಹೆಂಗ ಹಾಡ್ಲಿ?"

"ಒಂದ ತಾಸಾತೋ, ಮಂದಿ ಎದ್ದು ಹೊಂಟಾರ" ಎಂದು ಯಾರೋ ಗದರಿದರು. ಆಮೇಲೆ ಹಾಡು ಶುರುವಾಯಿತು.

ಮೂರು ಸಲ ಹಾಕಿಸಿದೆ. ನಾನು ಸ್ಪೀಕರ್ ಪರೀಕ್ಷೆ ಮಾಡುತ್ತಿದ್ದೇನೆಂದು ತಿಳಿದು ಪ್ರಭುರಾಜ ಪ್ರತಿ ಸಲ ದನಿ ಒಂದಿಷ್ಟು ಏರಿಸಿದ. ಕೊನೆಗೆ, "ಭಾಳ ಛಲೋ ಹಾಡ್ಯಾರ. ಯಾರ್ರಿ ಅವರು?" ಎಂದು ಕೇಳಿದ.

"ನನ್ನ ಗೆಳ್ಯಾ" ಅಂದೆ.

"ಒಮ್ಮೆ ಅಂಗಡಿಗೆ ಕರ್ಕೊಂಡ ಬರ್ರಿ ಮತ್ತ."

ಆಗಲಿ ಎಂದು ಹೇಳಿ, ಆ ದೊಡ್ಡ ಜೋಡಿಯನ್ನೇ ಕಟ್ಟಿಸಿಕೊಂಡು ಬಂದೆ.

ರುದ್ರೇಶ