ಹನ್ನೆರಡು ಪೊಟ್ಟಣ

ಮಾರ್ಚ್ 3, ಸೋಮವಾರ

ಆರೂ ನಲವತ್ತಕ್ಕೇ ಡಯಾಲಿಸಿಸ್ ಯೂನಿಟ್‌ನಲ್ಲಿದ್ದೆ. ಹನ್ನೆರಡು ಹಾಸಿಗೆ. ಟ್ರೇ ಜೋಡಿಸಿದೆ — ಸೂಜಿ, ಟೇಪು, ಕ್ರಿಮಿ ಕೊಲ್ಲುವ ಸ್ಪಿರಿಟ್‌ನಲ್ಲಿ ತೋಯಿಸಿ ಪೊಟ್ಟಣದಲ್ಲಿಟ್ಟ ಹನ್ನೆರಡು ವೈಪ್. ಪೊಟ್ಟಣಗಳನ್ನೆಲ್ಲ ಹರಿದು, ಬಾಯಿ ತೆರೆದು, ಸಾಲಾಗಿ ಇಟ್ಟೆ. ಗ್ಲೌಸ್ ಹಾಕಿಕೊಂಡು ಆ ಜಾರುವ ಪೊಟ್ಟಣದ ಜೊತೆ ಗುದ್ದಾಡುವವರನ್ನು ಕಂಡರೆ ನನಗಾಗದು. ಸ್ಪಿರಿಟ್‌ನಲ್ಲಿ ನೆನೆಸಿದ ಹತ್ತಿ ಇದ್ದ ಕಾಲದಿಂದಲೂ ಎಲ್ಲ ಮೊದಲೇ ಸಿದ್ಧ ಇರಬೇಕು, ಅದು ನನ್ನ ಪದ್ಧತಿ. ಇಪ್ಪತ್ತೆರಡು ವರ್ಷದಲ್ಲಿ ಯಾರೂ ಬೆರಳು ತೋರಿಸಿಲ್ಲ.

ಒಂದರಿಂದ ಆರು ನನ್ನವು. ಮಿಕ್ಕವು ಹೊಸ ಇನ್‌ಚಾರ್ಜ್ ಮಹಾರಾಣಿಯವರದು. ನನಗೆ ಬರಬೇಕಿದ್ದ ಕುರ್ಚಿ. ಸೂಜಿ ಹಿಡಿಯುವುದನ್ನು ಅವಳಿಗೆ ಕಲಿಸಿದ್ದೇ ನಾನು. ಈಗ ಬಾಯ್ತುಂಬ "ಅಕ್ಕ, ಅಕ್ಕ"... ಕೇಳಿದರೆ ಮೈ ಉರಿಯುತ್ತದೆ.

ಏಳನೇ ಹಾಸಿಗೆಯಲ್ಲಿ ಕಣ್ಣಾರೆ ಕಂಡೆ. ಸೂಜಿ ಚುಚ್ಚುವ ಮೊದಲು ಚರ್ಮವನ್ನು ವೈಪ್‌ನಿಂದ ಒರೆಸಿ, ಅದು ತಾನಾಗಿ ಆರುವ ತನಕ ಕಾಯಬೇಕು. ಮೂವತ್ತು ಸೆಕೆಂಡು, ಅಷ್ಟೇ. ಇವಳು ಮಾಸ್ಕ್ ಕೆಳಗೆಳೆದು ಉಫ್ ಅಂತ ಊದಿದಳು. ರೋಗಿಯ ಕೈ ಏನು ಬಿಸಿ ಹಾಲಿನ ಲೋಟವೇ? ಬಾಯೊಳಗಿನ ಕ್ರಿಮಿಗಳೆಲ್ಲ ಆ ಕೈ ಮೇಲೆ. ಇವತ್ತಿನಿಂದ ಅವಳಿಗೆ ನನ್ನ ಲೆಕ್ಕದಲ್ಲಿ ಒಂದೇ ಹೆಸರು — ತಿದಿ, ಕಮ್ಮಾರನ ಕುಲುಮೆಗೆ ಗಾಳಿ ಊದುತ್ತದಲ್ಲ, ಅದೇ.

ಮಾರ್ಚ್ 5, ಬುಧವಾರ

ಏಳು, ಎಂಟು, ಒಂಬತ್ತು ಮುಗಿಸಿ ತಿದಿ ಮೀಟಿಂಗ್‌ಗೆ ಓಡಿದಳು. ದಿನಾ ಇದೇ. ಕೊನೆಯ ಮೂರು ಹಾಸಿಗೆಯವರು ಒಂಬತ್ತೂವರೆ ತನಕ ಗೋಡೆ ನೋಡಿಕೊಂಡು ಕೂರಬೇಕು.

ಹನ್ನೊಂದರಲ್ಲಿ ಡ್ರಾಯಿಂಗ್ ಮೇಷ್ಟ್ರು. ನಿವೃತ್ತರು. ಎಡಗೈಯಲ್ಲಿ ಆಪರೇಷನ್ ಮಾಡಿ ದಪ್ಪ ಮಾಡಿದ ರಕ್ತನಾಳ, ಅದರಲ್ಲಿ ಸೂಜಿ; ಬಲಗೈಯಲ್ಲಿ ಪೆನ್ಸಿಲ್. ನಾಲ್ಕು ಗಂಟೆ ಬಿಡದೆ ಗೀಚುತ್ತಾರೆ. ಮಾತ್ರೆ ಡಬ್ಬಿಯ ಹಿಂದೆ ನನ್ನ ಮುಖ ಬರೆದುಕೊಟ್ಟಿದ್ದರು. ಹುಬ್ಬು ಇಷ್ಟು ಗಂಟಾಗಿದೆಯೇ ಎಂದರೆ, ಇನ್ನೂ ಜಾಸ್ತಿ ಇತ್ತು, ರಬ್ಬರ್ ಹಾಕಿ ಕಡಿಮೆ ಮಾಡಿದೆ ಅಂದರು. ಒಳ್ಳೆಯ ಮನುಷ್ಯ. ಈ ಕಟ್ಟಡದಲ್ಲಿ ನನಗೆ ಬೇಕಾದವರು ಅವರೊಬ್ಬರೇ.

ತಿದಿ ಬಂದಳು. ಹತ್ತು, ಹನ್ನೊಂದು, ಹನ್ನೆರಡಕ್ಕೆ ಊದಲೂ ಇಲ್ಲ. ಒರೆಸಿದಳು, ಚುಚ್ಚಿದಳು. ಮೂವತ್ತು ಸೆಕೆಂಡಲ್ಲ, ಮೂರೂ ಇಲ್ಲ! ಆಮೇಲೆ ನನ್ನ ಹತ್ತಿರ ಬಂದು ಮೆಲ್ಲಗೆ, ವೈಪ್ ಸ್ವಲ್ಪ ಒಣಗಿದ ಹಾಗಿದೆಯಲ್ಲ ಅಕ್ಕ ಎಂದಳು. ಈ ಸಲದ ಸ್ಟಾಕೇ ಹಾಗೆ, ನಿನಗೆ ಬೇಡವಾದರೆ ನಾಳೆಯಿಂದ ಟ್ರೇ ನೀನೇ ಜೋಡಿಸಿಕೋ ಅಂದೆ. ರೋಗಿಗಳೆಲ್ಲ ಕೇಳುವ ಹಾಗೆಯೇ ಅಂದೆ. ಮುಖ ಚಿಕ್ಕದು ಮಾಡಿಕೊಂಡು ಹೋದಳು. ಮಧ್ಯಾಹ್ನ ಊಟ ರುಚಿಸಿತು.

ಮಾರ್ಚ್ 10, ಸೋಮವಾರ

ಮೇಷ್ಟ್ರಿಗೆ ಡಯಾಲಿಸಿಸ್ ಮಧ್ಯೆ ಚಳಿ ಜ್ವರ. ಹಲ್ಲು ಕಟಕಟ. ಎರಡು ಕಂಬಳಿ ಹೊದಿಸಿದರೂ ನಿಲ್ಲಲಿಲ್ಲ. ಸೂಜಿ ಹಾಕುವ ಜಾಗ ಕೆಂಪಗೆ ಊದಿಕೊಂಡಿದೆ, ಮುಟ್ಟಿದರೆ ಕೆಂಡ. ಐಸಿಯುಗೆ ಸಾಗಿಸಿದರು. ಪೆನ್ಸಿಲ್ ನೆಲದ ಮೇಲೆ ಬಿದ್ದಿತ್ತು. ಎತ್ತಿ ಜೇಬಿಗೆ ಹಾಕಿಕೊಂಡೆ.

ಹತ್ತನೇ ಹಾಸಿಗೆಯ ಟೈಲರ್ ಹೆಂಗಸಿಗೂ ಕೈ ಕೆಂಪಾಗಿದೆ.

ತಿದಿ... ನಿನ್ನನ್ನು ಬಿಡುವುದಿಲ್ಲ.

ಮಾರ್ಚ್ 12, ಬುಧವಾರ

ಹನ್ನೆರಡನೆಯವರಿಗೂ ಜ್ವರ. ಮೂರೂ ಅವಳ ಹಾಸಿಗೆಗಳೇ. ನನ್ನ ಆರರಲ್ಲಿ ಒಬ್ಬರಿಗೂ ಏನೂ ಇಲ್ಲ.

ದೂರು ಬರೆದುಕೊಟ್ಟೆ. ಎರಡು ಪುಟ. ಊದಿದ್ದು, ಕಾಯದೆ ಚುಚ್ಚಿದ್ದು, ದಿನಾಂಕ ಸಮೇತ. ಸೋಂಕು ತಡೆ ಸಮಿತಿಯ ಡಾಕ್ಟರ್ ಓದಿ, ಶುಕ್ರವಾರದ ಮುಂದಿನ ಶುಕ್ರವಾರ ವಿಚಾರಣೆ ಎಂದರು. ತಪ್ಪು ಸಾಬೀತಾದರೆ ಅವಳನ್ನು ಕೆಲಸದಿಂದಲೇ ತೆಗೆಯಬಹುದಂತೆ. ಮನೆಗೆ ಬಂದಾಗ ಇವರು ಕೇಳಿದರು, ಏನು ಇವತ್ತು ಮುಖದಲ್ಲಿ ಕಳೆ? ಹಾಡು ಗುನುಗುತ್ತಿದ್ದೆನಂತೆ.

ಮಾರ್ಚ್ 18, ಮಂಗಳವಾರ

ಮೇಷ್ಟ್ರು ಬದುಕಿದರು. ಎಡಗೈಯ ನಾಳ ಉಳಿಯಲಿಲ್ಲ. ಸದ್ಯ ಕುತ್ತಿಗೆಯಲ್ಲಿ ನಳಿಕೆ. ಆಮೇಲೆ ಬಲಗೈಯಲ್ಲೇ ಆಪರೇಷನ್ ಮಾಡಬೇಕು, ಬೇರೆ ಜಾಗವಿಲ್ಲ. ಅಂದರೆ ವಾರಕ್ಕೆ ಮೂರು ದಿನ ಆ ನಾಲ್ಕು ಗಂಟೆ ಬಲಗೈ ಅಲ್ಲಾಡಿಸುವಂತಿಲ್ಲ. ಹೋಗಿ ನೋಡಿದೆ. ಪೆನ್ಸಿಲ್ ಕೊಡಲು ಮನಸ್ಸಾಗಲಿಲ್ಲ. ವಾಪಸ್ ತಂದೆ.

ಸಿಟ್ಟು ಹೊಸದಾಗಿ ಹತ್ತಿತು. ವಿಚಾರಣೆಗೆ ಇನ್ನೂ ಏನಾದರೂ ಸಿಗುತ್ತದೆಯೇ ಎಂದು ಈ ಡೈರಿ ತಿರುವಿದೆ.

ಐದನೇ ತಾರೀಕು. "ಊದಲೂ ಇಲ್ಲ. ಒರೆಸಿದಳು, ಚುಚ್ಚಿದಳು."

ಊದುವ ಚಟದವಳು ಆ ಮೂವರಿಗೆ ಮಾತ್ರ ಯಾಕೆ ಊದಲಿಲ್ಲ?

ಚರ್ಮ ಒದ್ದೆಯಾಗಿರಲಿಲ್ಲ. ಅದಕ್ಕೆ.

ಇವರು ಎರಡು ಸಲ ಊಟಕ್ಕೆ ಕರೆದರು.

ಮಾರ್ಚ್ 19, ಬುಧವಾರ

ಆರೂ ನಲವತ್ತು. ಹದಿಮೂರನೇ ಪೊಟ್ಟಣವೊಂದನ್ನು ಹರಿದು ಟ್ರೇಯ ಕೊನೆಗೆ ಇಟ್ಟೆ. ಎಸಿ ಗಾಳಿ ಬೀಳುವ ಕಡೆ, ಎಂದಿನ ಜಾಗದಲ್ಲೇ. ರೋಗಿಗಳದ್ದನ್ನು ಮಾತ್ರ ಒಂದೂ ಒಡೆಯಲಿಲ್ಲ. ಹಾಸಿಗೆಯ ಪಕ್ಕ ನಿಂತು, ಗ್ಲೌಸ್ ಕೈಯಲ್ಲಿ ಗುದ್ದಾಡಿ, ಒಂದೊಂದೇ ಹರಿದೆ.

ಒಂಬತ್ತೂವರೆಗೆ ಹದಿಮೂರನೆಯದನ್ನು ತೆಗೆದು ಕೆನ್ನೆಗೆ ಒತ್ತಿಕೊಂಡೆ. ತಣ್ಣಗೂ ಇಲ್ಲ, ವಾಸನೆಯೂ ಇಲ್ಲ. ಬರೀ ಕಾಗದ.

ಹತ್ತಿಯ ಕಾಲದ ಡಬ್ಬಿಗೆ ಮುಚ್ಚಳ ಇತ್ತು. ಎರಡು ವರ್ಷದ ಹಿಂದೆ ವೈಪ್ ಬಂದಾಗ ಡಬ್ಬಿ ಹೋಯಿತು, ಮುಚ್ಚಳವೂ ಹೋಯಿತು. ನನ್ನ ಪದ್ಧತಿ ಮಾತ್ರ ಹೋಗಲಿಲ್ಲ. ಹಿಂದಿನ ಇನ್‌ಚಾರ್ಜ್‌ಗೆ ಮೀಟಿಂಗ್ ಗೀಟಿಂಗ್ ಇರಲಿಲ್ಲ, ಏಳೂವರೆಯೊಳಗೆ ಹನ್ನೆರಡೂ ಮುಗಿಯುತ್ತಿತ್ತು. ನನ್ನ ಆರು ಹಾಸಿಗೆ ಈಗಲೂ ಬೇಗ ಮುಗಿಯುತ್ತದೆ. ಅದಕ್ಕೇ ನನ್ನವರಿಗೆ ಏನೂ ಆಗಲಿಲ್ಲ. ನನ್ನ ಕೈಗುಣ ಅಂದುಕೊಂಡಿದ್ದೆ.

ಹಿಂತಿರುಗಿ ನೋಡಿದರೆ ತಿದಿ ನಿಂತಿದ್ದಳು. ಒಡೆಯದ ಪೊಟ್ಟಣಗಳನ್ನು ನೋಡಿದಳು, ನನ್ನ ಕೆನ್ನೆಯ ಮೇಲಿನ ವೈಪ್ ನೋಡಿದಳು. ಏನೂ ಕೇಳದೆ ಹೋದಳು. ಕೇಳಿದ್ದರೆ ಜಗಳವಾಡಬಹುದಿತ್ತು.

ಮಾರ್ಚ್ 20, ಗುರುವಾರ

ಅವಳು ಹೇಗೂ ಹೇಳುತ್ತಾಳೆ. ನಾನೇ ಮೊದಲು ಹೇಳಬೇಕೇ? ನಿವೃತ್ತಿಗೆ ಮೂರು ವರ್ಷ. ಊದಿದ್ದಂತೂ ಸುಳ್ಳಲ್ಲವಲ್ಲ. ಅದೂ ತಪ್ಪೇ ತಾನೆ. ಹೇಳಲಿ ನೋಡೋಣ, ನನಗೂ ಬಾಯಿದೆ.

ಮಾರ್ಚ್ 21, ಶುಕ್ರವಾರ

ವಿಚಾರಣೆ ಆಯಿತು. ಉದ್ದ ಮೇಜು, ನಾಲ್ಕು ಜನ. ಊದಿದ್ದು ನಿಜ, ಇನ್ನು ಊದುವುದಿಲ್ಲ ಎಂದಳು. ವೈಪ್ ಒಣಗಿದ ಹಾಗಿದೆ ಅನ್ನಿಸಿದರೂ ಬಳಸಿದೆ, ಅದೂ ನನ್ನ ತಪ್ಪು ಎಂದಳು. ಟ್ರೇ ಜೋಡಿಸುವವರು ಯಾರು ಎಂದು ಡಾಕ್ಟರ್ ಕೇಳಿದಾಗ, ಯೂನಿಟ್ ಇನ್‌ಚಾರ್ಜ್ ನಾನು, ಹೊಣೆ ನನ್ನದೇ ಎಂದಳು. ನಾನು ಎದುರಿಗೇ ಕೂತಿದ್ದೆ. ನನಗಿದ್ದ ಬಾಯಿ ಎಲ್ಲಿ ಹೋಯಿತೋ.

ಸೋಮವಾರ ತೀರ್ಮಾನ. ಹೊರಗೆ ಕಾರಿಡಾರಿನಲ್ಲಿ ಹಿಡಿದು ನಿಲ್ಲಿಸಿದೆ. ದೊಡ್ಡಸ್ತಿಕೆ ತೋರಿಸಿಕೊಳ್ಳುವುದಕ್ಕಾ ಎಂದು ಕೇಳಿದೆ. ಹೌದು, ಹಾಗೇ ಕೇಳಿದೆ.

ಅವಳು ನನ್ನ ಮುಖ ನೋಡಲಿಲ್ಲ. "ದೊಡ್ಡಸ್ತಿಕೆ ಏನಿಲ್ಲ ಅಕ್ಕ. ಅವತ್ತು ನಿಮ್ಮ ಹತ್ರ ಬೈಸಿಕೊಂಡ ಮೇಲೆ, ಮುಂದಿನ ಸಲವೂ ಒಣಗಿದೆ ಅಂತ ಗೊತ್ತಾಯ್ತು. ಇನ್ನೊಂದು ಪ್ಯಾಕೆಟ್ ತರೋಕೆ ಹತ್ತು ಹೆಜ್ಜೆ. ಆದ್ರೆ ನಿಮ್ಮ ಮುಂದೆ ಹಾದು ಹೋಗಬೇಕಿತ್ತು. ನೀವು ಎಲ್ಲರ ಮುಂದೆ ಮತ್ತೆ ಬೈತೀರ ಅಂತ ಹೆದರಿಕೊಂಡೆ."

ಅಷ್ಟೇ ಹೇಳಿ ಹೋದಳು. ಅವಳ ಮೇಲಿನ ಸಿಟ್ಟು ಇನ್ನೂ ಇದೆ, ಹೋಗುವ ಲಕ್ಷಣವೂ ಇಲ್ಲ. ನನ್ನ ಮೇಲೆ ಇರುವುದು ಅದಕ್ಕಿಂತ ಹೆಚ್ಚು.

ಮಾರ್ಚ್ 23, ಭಾನುವಾರ, ಬೆಳಿಗ್ಗೆ 10

ಮೇಜಿನ ಮೇಲೆ ಬಿಳಿ ಹಾಳೆ. ಪಕ್ಕದಲ್ಲಿ ಮೇಷ್ಟ್ರ ಪೆನ್ಸಿಲ್. ಮೂರು ಹಾಳೆ ಹರಿದೆ. ದೂರು ಬರೆಯುವಾಗ ಎರಡು ಪುಟ ಸರಾಗವಾಗಿ ಬಂದಿತ್ತು. ಮೊದಲು ಇಲ್ಲೇ ಬರೆದು ನೋಡುತ್ತೇನೆ. ಸರಿಬಂದರೆ ಹಾಳೆಗೆ.

ಮಾನ್ಯರೇ, ನನ್ನ ದೂರನ್ನು ಹಿಂದಕ್ಕೆ ಪಡೆಯುತ್ತಿದ್ದೇನೆ. ಮೂವರು ರೋಗಿಗಳಿಗೆ ಬಳಸಿದ ವೈಪ್‌ಗಳು ಒಣಗಿದ್ದವು. ಪೊಟ್ಟಣಗಳನ್ನು ಸುಮಾರು ಮೂರು ಗಂಟೆ ಮೊದಲೇ ಹರಿದು, ಬಾಯಿ ತೆರೆದು ಇಟ್ಟವಳು