ಅತ್ತೆಯ ಹಾಡಿನ ತೂಕ

ಅಕ್ಟೋಬರ್ ೧೪, ಮಂಗಳವಾರ

ನಿದ್ದೆ ಹತ್ತುತ್ತಿಲ್ಲ, ನಗುವೂ ನಿಲ್ಲುತ್ತಿಲ್ಲ.

ಹಾಡಿಗೆ ತೂಕವಿದೆಯೇ ನೋಡೋಣವೆಂದು ನಿನ್ನೆ ಶಿವಾಜಿನಗರದ ನಮ್ಮ ಕಾಲೇಜಿನ ಲ್ಯಾಬಿನ ಸೂಕ್ಷ್ಮ ತಕ್ಕಡಿಯಲ್ಲಿ ಖಾಲಿ ಪೆನ್‌ಡ್ರೈವ್ ತೂಗಿದ್ದೆ. ಸಂಜೆ ಅದಕ್ಕೆ ಅತ್ತೆ ಹಾಡಿದ ಸೋಬಾನೆ ಪದಗಳನ್ನೆಲ್ಲ ತುಂಬಿದೆ. ಇಂದು ಮತ್ತೆ ತೂಗಿದರೆ ತೂಕ ಹೆಚ್ಚಾಗಿದೆ! ಕುಣಿಯುವುದೊಂದೇ ಬಾಕಿ. ಆಮೇಲೆ ನೋಡಿದರೆ ಮೇಲೊಂದು ತುಪ್ಪದ ಹೆಬ್ಬೆರಳ ಗುರುತು. ಬೆಳಿಗ್ಗೆ ಚಪಾತಿಗೆ ತುಪ್ಪ ಸವರುತ್ತಿದ್ದ ಕೈಯಲ್ಲೇ ಅತ್ತೆ ಅದನ್ನು ಎತ್ತಿಕೊಟ್ಟಿದ್ದರು. ಒರೆಸಿದೆ. ತೂಕ ನಿನ್ನೆಯಷ್ಟೇ! ಹಾಡಿಗೆ ಭಾರವಿದ್ದರೂ ಅಂಥ ಸೂಕ್ಷ್ಮ ತಕ್ಕಡಿಗೂ ಸಿಗದಷ್ಟು.

ಮನೆಗೆ ಬಂದವಳೇ ಹೇಳಿದೆ.

"ಅಂದ್ರ ನನ್ನ ಅಷ್ಟೂ ಪದ ಒಂದ್ ಬೆರಳಿನ ತುಪ್ಪಕ್ಕಿಂತ ಹಗುರೇನ?" ಎಂದರು ಅತ್ತೆ.

"ಹೌದ್ರಿ, ಭಾಳ ಹಗುರ!"

ಅವರು ತುಪ್ಪದ ಡಬ್ಬಿಯಲ್ಲಿ ಬೆರಳದ್ದಿ, ಪೆನ್‌ಡ್ರೈವಿನ ಮೇಲೆ ಒತ್ತಿ, ನನ್ನ ಕೈಗಿಟ್ಟರು. "ತಗೋ, ಈಗ ತೂಗು."

ಇದನ್ನು ಮಾತ್ರ ಒರೆಸಲಾರೆ.