ಕಾರಿನೊಳಗೆ ಮಕ್ಕಳು, ಬೀರುವಿನೊಳಗೆ ಲೈಫ್ ಜಾಕೆಟ್

ಲಾಂಚ್ ಕಡವಿನ ಮೇಲಧಿಕಾರಿಗಳಿಗೆ,

ಮಾನ್ಯರೇ, ತಮ್ಮ ಲಾಂಚಿನ ಮೇಲೆ ನಿಲ್ಲಿಸಿದ ಕಾರು ಮಕ್ಕಳ ಸಮೇತ ನೀರಿಗೆ ಜಾರಿದರೆ ಅವರನ್ನು ಹೊರತೆಗೆಯುವ ಬಗೆ ಯಾವುದು? ಅಲ್ಲಿ ಯಾರಿಗೂ ಗೊತ್ತಿಲ್ಲ. ತಮಗಾದರೂ ಗೊತ್ತಿರಬಹುದೆಂಬ ಭ್ರಮೆಯಿಂದ, ನಾಲ್ಕು ಜನ ಓದುವಂತೆ ಇದನ್ನು ಬರೆಯುತ್ತಿದ್ದೇನೆ.

ನಾನು ತರೀಕೆರೆಯವಳು. ಯಜಮಾನರು ಅಬ್ದುಲ್ ರಹೀಮ್ ಕಡೂರು ರಸ್ತೆಯಲ್ಲಿ ಟೈರ್ ಅಂಗಡಿ ಇಟ್ಟಿದ್ದಾರೆ. ಮಗಳು ಅಲ್ಫಿಯಾಗೆ ಆರು ವರ್ಷ, ಮಗ ಮುಜಾಹಿದ್‌ಗೆ ಮೂರು. ಬೇಸಿಗೆ ರಜೆಯಲ್ಲಿ ಹಿನ್ನೀರಿನ ನಡುವಿನ ದ್ವೀಪದಲ್ಲಿ ಎರಡು ದಿನ ಇದ್ದು ಬರೋಣವೆಂದು ತಿಂಗಳಿಡೀ ತಯಾರಿ ನಡೆಸಿದೆವು. ವಾಂತಿ ಮಾತ್ರೆ, ಬದಲಿ ಬಟ್ಟೆ, ಮಗನನ್ನು ಕೂರಿಸಿ ಬೆಲ್ಟ್ ಬಿಗಿಯುವ ಪುಟ್ಟ ಸೀಟು, ಎಲ್ಲವೂ ಆಯಿತು. ಮಕ್ಕಳ ಅಳತೆಯ ಲೈಫ್ ಜಾಕೆಟ್ ಇದೆಯೇ ಎಂದು ತಮ್ಮ ಕಚೇರಿಗೂ ಫೋನ್ ಮಾಡಿದೆ. "ಎಲ್ಲಾ ವ್ಯವಸ್ಥೆ ಐತೆ ಮೇಡಂ, ಧೈರ್ಯವಾಗಿ ಬನ್ನಿ" ಎಂದರು. ಧೈರ್ಯವನ್ನು ಮನೆಯಿಂದಲೇ ಕಟ್ಟಿಕೊಂಡು ಬರಬೇಕೆಂದು ನನಗೆ ಹೊಳೆಯಲಿಲ್ಲ.

ಆರು ಕಾರು ಹಿಡಿಯುವ ಲಾಂಚಿಗೆ ಅಂದು ಒಂಬತ್ತು ಏರಿಸಿದರು. ನಮ್ಮದೇ ಕೊನೆಯದು. ಅದರ ಹಿಂದೆ ಒಂದು ಸರಪಳಿ, ಸರಪಳಿಯಾಚೆ ನೀರು. ಮಕ್ಕಳನ್ನು ಇಳಿಸಲು ಹೋದರೆ ಲಾಂಚಿನ ಕೆಲಸಗಾರ ಓಂಕಾರೇಶ್ ತಡೆದರು.

"ನಿಂತ್ಕಳಕ್ಕೆ ಜಾಗ ಎಲ್ಲೈತೆ ಅಕ್ಕ? ಕಾರಲ್ಲೇ ಇರ್ಲಿ ಬಿಡಿ."

"ಹಂಗಾದ್ರೆ ಮಕ್ಕಳಿಗೆ ಜಾಕೆಟ್ ಕೊಡಿ."

"ಬೀರುನಾಗವೆ ಕಣಕ್ಕ. ಬೀಗದ ಕೈ ಸಾಹೇಬ್ರ ತಾವ ಐತೆ."

ಆ ಸಾಹೇಬರು ತಾವೇ. ಅಷ್ಟರಲ್ಲಿ ಲಾಂಚ್ ಹೊರಟೇಬಿಟ್ಟಿತ್ತು.

ನಡುನೀರಿನಲ್ಲಿ ಗಾಳಿ ಹೊಡೆದು ಲಾಂಚ್ ವಾಲಿತು. ಮುಂದಿದ್ದ ಜೀಪು ಹಿಂದಕ್ಕೆ ಸರಿದು ನಮ್ಮ ಕಾರನ್ನು ತಳ್ಳಿತು. ಸರಪಳಿ ಕಿರ್ರೆಂದಿತು. ಅಕ್ಕಪಕ್ಕದ ಕಾರುಗಳು ಗೇಣು ದೂರದಲ್ಲಿದ್ದುದರಿಂದ ನಮ್ಮ ಬಾಗಿಲು ತೆರೆಯಲಿಲ್ಲ. "ನಾನು ಬ್ರೇಕಿನಿಂದ ಕಾಲು ತೆಗೆಯುವುದಿಲ್ಲ, ಮಕ್ಕಳನ್ನು ಆಚೆಗೆ ಕೊಡು" ಎಂದು ಯಜಮಾನರು ನಮ್ಮ ಮನೆಮಾತಿನಲ್ಲಿ ಕೂಗಿದರು. ಕಾರು ಹೋದರೆ ತಾವೂ ಅದರೊಂದಿಗೇ ಎಂದು ಅದರರ್ಥ. ಕಿಟಕಿಯಿಂದ ಅಲ್ಫಿಯಾಳನ್ನು ಹೊರಗೆ ಚಾಚಿದೆ. ಲಿಂಗದಹಳ್ಳಿಯ ವಿಮಲಮ್ಮ ಎಂಬವರು, ಅದುವರೆಗೆ ನಾನು ಮುಖವನ್ನೇ ಕಾಣದವರು, ಪಕ್ಕದ ಕಾರಿನ ಬಾನೆಟ್ ಮೇಲಿಂದ ಬಾಗಿ, "ಬಿಡು ತಾಯಿ, ನಾ ಹಿಡ್ಕಂಡೀನಿ" ಎಂದು ಸೆಳೆದುಕೊಂಡರು. ಮಗನ ಬೆಲ್ಟ್ ಮಾತ್ರ ಎಷ್ಟು ಎಳೆದರೂ ಬಿಚ್ಚಿಕೊಳ್ಳಲಿಲ್ಲ. ಅವನ ಕ್ಷೇಮಕ್ಕೆಂದು ನಾನೇ ಬಿಗಿದಿದ್ದ ಬೆಲ್ಟ್. ಅವನು ಅಳಲೂ ಇಲ್ಲ, ನನ್ನ ಮುಖವನ್ನೇ ನೋಡುತ್ತಿದ್ದ.

ಕೊನೆಗೆ ನಾಲ್ಕಾರು ಜನ ಜೀಪನ್ನು ಹಿಡಿದು ನಿಲ್ಲಿಸಿದರು. ಓಂಕಾರೇಶ್ ಯಾರದೋ ಸ್ಟೆಪ್ನಿಯನ್ನು ನಮ್ಮ ಹಿಂಚಕ್ರಕ್ಕೆ ಅಡ್ಡ ತುರುಕಿದರು. ಅವರ ಮೇಲೆ ನನಗೆ ಸಿಟ್ಟಿಲ್ಲ.

ದ್ವೀಪದಲ್ಲಿ ಮಕ್ಕಳು ಮಣ್ಣಾಟ ಆಡಿದರು. ನಾನು ಎರಡು ದಿನವೂ ಮತ್ತೆ ದಾಟಬೇಕಾದ ನೀರನ್ನೇ ನೋಡುತ್ತ ಕೂತೆ. ವಾಪಸು ಬರುವಾಗ ಮಕ್ಕಳ ಸೊಂಟಕ್ಕೆ ತೇಲಲೆಂದು ಖಾಲಿ ಎಣ್ಣೆ ಕ್ಯಾನು ಕಟ್ಟಿ, ಹಟ ಹಿಡಿದು ಅವರೊಂದಿಗೆ ಕಾರಿನ ಹೊರಗೇ ನಿಂತೆ. ಜನ ನಕ್ಕರು. ಈಗ ಕಾರಿನ ಗಾಜು ಏರಿಸಿದರೆ ಸಾಕು, ಅಲ್ಫಿಯಾ ಚೀರುತ್ತಾಳೆ.

ತಮ್ಮ ಕಚೇರಿಗೇ ದೂರು ಕೊಟ್ಟೆ. "ಯಾವುದೇ ಅನಾಹುತ ಸಂಭವಿಸಿರುವುದಿಲ್ಲವಾದ್ದರಿಂದ ಕಡತವನ್ನು ಮುಕ್ತಾಯಗೊಳಿಸಲಾಗಿದೆ" ಎಂದು ಉತ್ತರ ಬಂತು. ಎಂಥ ಸೊಗಸಾದ ವಾಕ್ಯ! ಕಡತ ತೆರೆಯಲು ತಮಗೆ ಎಷ್ಟು ಮಕ್ಕಳು ಬೇಕು, ಸ್ವಾಮಿ? ಅವರು ಯಾರ ಮನೆಯವರಾಗಿರಬೇಕು?

ನಿನ್ನೆ ಅಲ್ಫಿಯಾಳ ಶಾಲೆಯಿಂದ ಪೋಷಕರ ಸಹಿ ಕೇಳುವ ಒಂದು ಕಾಗದ ಬಂದಿದೆ. ಬರುವ ಶನಿವಾರ ನಲವತ್ತೆರಡು ಮಕ್ಕಳ ಪ್ರವಾಸ, ಅದೇ ದ್ವೀಪಕ್ಕೆ, ಅದೇ ಲಾಂಚಿನಲ್ಲಿ, ಬಸ್ಸಿನ ಸಮೇತ. ಮಗಳನ್ನು ಕಳಿಸದೆ ಇರುವುದು ನನ್ನ ಕೈಯಲ್ಲಿದೆ. ಉಳಿದ ನಲವತ್ತೊಂದು ಮಕ್ಕಳು? ಶುಕ್ರವಾರದೊಳಗೆ ಆ ಬೀರು ತೆರೆಸಿ. ಚಕ್ರಗಳಿಗೆ ಅಡ್ಡಗಟ್ಟೆ ಕೊಡಿಸಿ. ಆರರ ಮೇಲೆ ಏಳನೆಯ ವಾಹನ ಹತ್ತಕೂಡದು, ವಾಹನದೊಳಗೆ ಒಂದು ಮಗುವೂ ಕೂರಕೂಡದು ಎಂದು ಲಿಖಿತ ಆದೇಶ ಹೊರಡಿಸಿ. ಆಗದಿದ್ದರೆ ಲಾಂಚ್ ನಿಲ್ಲಿಸಿ.

ಅಲ್ಲಿಯವರೆಗೆ ಆ ಒಂದೊಂದು ಮಗುವಿನ ಮನೆಗೂ ಹೋಗಿ, ಆ ಕಾಗದಕ್ಕೆ ಸಹಿ ಹಾಕಬೇಡಿ ಎಂದು ಬೇಡಿಕೊಳ್ಳುತ್ತೇನೆ. ಇವತ್ತು ಹನ್ನೊಂದು ಮನೆ ಆಯಿತು.

ಇಂತಿ,
ಮೂವತ್ತು ಮನೆ ಬಾಕಿಯಿರುವ
ಮೆಹರುನ್ನೀಸಾ, ತರೀಕೆರೆ